ನಾಣ್ಯದ ಎಲ್ಲೆ ಮತ್ತು ವಟ್ಟದ ಲೆಕ್ಕ
(ಪರದೇಶ ಪ್ರಯಾಣಿಕರ ಹಣ ವಿನಿಮಯವನ್ನು ಕುರಿತ ಒಂದು ವಿವೇಚನೆ)

ಪೀಠಿಕೆ

ಮುಳಬಾಗಿಲು ತಾಲ್ಲೂಕಿನ ಆವನಿಯು ಪುರಾಣಪ್ರಸಿದ್ಧವಾದ ಕ್ಷೇತ್ರ. ವಾಲ್ಮೀಕಿ ಮಹರ್ಷಿಗಳ ಆಶ್ರಮವು ಇಲ್ಲಿಯ ಬೆಟ್ಟದ ಮೇಲಿತ್ತೆಂದೂ ಸೀತಾದೇವಿಯು ಲವಕುಶರನ್ನು ಇಲ್ಲಿಯೇ ಹಡೆದಳೆಂದೂ ಸ್ಥಳಪುರಾಣವು ಹೇಳುತ್ತದೆ. ನೊಳಂಬರ ಕಾಲದ ರಾಮಲಿಂಗೇಶ್ವರ ದೇವಾಲಯಗಳ ಸಮುಚ್ಚಯವು ಈ ಊರಿನ ಪ್ರಾಚೀನತೆಗೆ ಶಿಲಾಸಾಕ್ಷಿಯಾಗಿ ನಿಂತಿದೆ. ಶಿವರಾತ್ರಿಯ ಸಮಯದ ಪರಿಷೆಗೆ ಕನ್ನಡ ನಾಡಿನ ರೈತರಷ್ಟೇ ಅಲ್ಲದೆ, ಆಂಧ್ರ ಮತ್ತು ತಮಿಳು ಸೀಮೆಗಳ ರೈತರೂ ಎತ್ತುಗಳನ್ನು ಕೊಳ್ಳಲು ಬರುವುದುಂಟು. ಭಾಷೆ ಬೇರೆ, ಉಡುಗೆ ಬೇರೆ. ಆದರೆ ವ್ಯಾಪಾರ ಕುದುರಿದ ಮೇಲೆ ಕೈಯಿಂದ ಕೈಗೆ ದಾಟುವ ರೂಪಾಯಿ ಮಾತ್ರ ಒಂದೇ. ‘ಇದು ಯಾವ ನಾಡಿನ ಹಣ? ಇದಕ್ಕೆ ಇಲ್ಲಿ ಎಷ್ಟು ಬೆಲೆ?’ ಎಂದು ಯಾರೂ ಕೇಳುವುದಿಲ್ಲ.

ಇನ್ನೂರು ವರ್ಷಗಳ ಹಿಂದೆ ಸಂಗತಿ ಹೀಗಿರಲಿಲ್ಲ. ‘ಮುಳಬಾಗಿಲು’ ಎಂಬ ಹೆಸರು ‘ಮೂಡಲ ಬಾಗಿಲು’ ಎಂಬುದರ ರೂಪಾಂತರವೆಂಬುದು ಸರ್ವವಿದಿತವಾಗಿದೆ. ಘಟ್ಟವನ್ನಿಳಿದು ಪೂರ್ವದ ಸೀಮೆಗೆ ಹೋಗುವವರಿಗೂ ಅಲ್ಲಿಂದ ಮೇಲೇರಿ ಬರುವವರಿಗೂ ಈ ಪ್ರದೇಶವೇ ಹೆಬ್ಬಾಗಿಲು. ಈ ಬಾಗಿಲನ್ನು ದಾಟಿದೊಡನೆ ಬದಲಾಗುತ್ತಿದ್ದುದು ಮಾತೊಂದೇ ಅಲ್ಲ, ಹಣವೂ ಬದಲಾಗುತ್ತಿತ್ತು. ಇಂದು ಅಮೆರಿಕಕ್ಕೋ ಸಿಂಗಪುರಕ್ಕೋ ಹೊರಟ ಪ್ರಯಾಣಿಕನು ವಿಮಾನ ನಿಲ್ದಾಣದಲ್ಲಿ ಎದುರಿಸುವ ಪ್ರಶ್ನೆಯನ್ನು ಅಂದು ಆರ್ಕಾಟಿನ ಕಡೆಗೆ ಎತ್ತಿನ ಗಾಡಿ ಕಟ್ಟಿದ ವರ್ತಕನು ಎದುರಿಸುತ್ತಿದ್ದನು. ಸಾಧನಗಳು ಬದಲಾಗಿವೆ, ಪ್ರಶ್ನೆ ಬದಲಾಗಿಲ್ಲ. ಆದುದರಿಂದ ಹಿಂದಿನವರು ಆ ಪ್ರಶ್ನೆಯನ್ನು ಹೇಗೆ ಬಿಡಿಸಿಕೊಂಡರೆಂಬುದನ್ನು ತಿಳಿದರೆ ಇಂದಿನವರು ಎಲ್ಲಿ ಎಚ್ಚರವಾಗಿರಬೇಕೆಂಬುದೂ ತಿಳಿಯುತ್ತದೆ.

ಶಬ್ದಗಳ ಸಾಕ್ಷ್ಯ

ಮೊದಲಿಗೆ ಭಾಷೆಯನ್ನೇ ಕೇಳೋಣ. ಕನ್ನಡದಲ್ಲಿ ಹಣಕ್ಕೆ ಸಂಬಂಧಿಸಿದ ಶಬ್ದಗಳಲ್ಲಿ ಬಹುಪಾಲು ಯಾವುದೋ ಒಂದು ನಾಣ್ಯದ ಹೆಸರೇ ಆಗಿದ್ದುದು. ‘ಹಣ’ ಎಂಬುದು ‘ಪಣ’ ಎಂಬ ಚಿಕ್ಕ ಚಿನ್ನದ ನಾಣ್ಯ. ಹಳಗನ್ನಡದ ಪಕಾರವು ನಡುಗನ್ನಡದಲ್ಲಿ ಹಕಾರವಾದಾಗ ಪೊನ್ನು ಹೊನ್ನಾದಂತೆ ಪಣವು ಹಣವಾಯಿತು. ‘ದುಡ್ಡು’ ಎಂಬುದು ತಾಮ್ರದ ನಾಣ್ಯ. ‘ವರಹ’ವು ವರಾಹದ ಮುದ್ರೆಯಿಂದ ಬಂದ ಹೆಸರು. ಪಣದ ಕಾಲುಭಾಗ ಹಾಗ. ಹದಿನಾರನೆಯ ಒಂದು ಭಾಗ ವೀಸ. ಅರವತ್ತನಾಲ್ಕನೆಯ ಒಂದು ಭಾಗ ಕಾಣಿ. ಹಾಗ, ವೀಸಗಳು ಚಲಾವಣೆಯಿಂದ ಹೋದರೂ ಅಲ್ಪತ್ವವನ್ನು ಸೂಚಿಸುವ ಮಾತುಗಳಾಗಿ ಹಿರಿಯರ ಬಾಯಲ್ಲಿ ಉಳಿದುಕೊಂಡಿವೆ.

ಹೊರಗಿನಿಂದ ಬಂದ ಶಬ್ದಗಳ ಕಥೆ ಇನ್ನೂ ಸ್ವಾರಸ್ಯವಾದುದು. ಗ್ರೀಕರ ‘ದ್ರಖ್ಮೆ’ಯು ಸಂಸ್ಕೃತದಲ್ಲಿ ‘ದ್ರಮ್ಮ’ವಾಯಿತು, ರೋಮನರ ‘ದೆನಾರಿಯಸ್’ ‘ದೀನಾರ’ವಾಯಿತು. ಇವು ಬರಿಯ ಶಬ್ದಗಳಾಗಿ ಬಂದವಲ್ಲ. ಬೆಂಗಳೂರಿನ ಯಶವಂತಪುರದಲ್ಲಿ 1891ರಲ್ಲಿ ರೋಮನ್ ಬೆಳ್ಳಿಯ ನಾಣ್ಯಗಳ ನಿಧಿಯೊಂದು ದೊರಕಿತು. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿಯೂ ಅಂತಹ ನಾಣ್ಯಗಳು ಸಿಕ್ಕಿವೆ. ಸಾಗರದಾಚೆಯ ಚಕ್ರವರ್ತಿಯ ಮುಖವನ್ನು ಹೊತ್ತ ಬೆಳ್ಳಿಯ ತುಂಡು ಕನ್ನಡ ನಾಡಿನ ಒಳಭಾಗಕ್ಕೆ ಬಂದಿತೆಂದರೆ, ಅದನ್ನು ತೂಗಿ ಬೆಲೆ ಕಟ್ಟಿದ ಒಬ್ಬನು ದಾರಿಯಲ್ಲಿ ಎಲ್ಲಿಯೋ ಇದ್ದಿರಲೇಬೇಕು.

ಆ ಬೆಲೆ ಕಟ್ಟುವವನೇ ‘ಚಿನಿವಾರ’. ಚಿನ್ನ ಬೆಳ್ಳಿಗಳನ್ನು ಪರೀಕ್ಷಿಸಿ, ನಾಣ್ಯವನ್ನು ನಾಣ್ಯಕ್ಕೆ ಬದಲಾಯಿಸಿ ಕೊಡುವವನಿಗೆ ಈ ಹೆಸರು. ಚಿನ್ನ ಬೆಳ್ಳಿಗಳ ಧಾರಣೆಯನ್ನು ಪ್ರಕಟಿಸುವ ವೃತ್ತಪತ್ರಿಕೆಗಳ ಅಂಕಣಕ್ಕೆ ‘ಚಿನಿವಾರ ಪೇಟೆ’ ಎಂಬ ಶೀರ್ಷಿಕೆಯು ಉಳಿದು ಬಂದಿರುವುದು ಸಂತೋಷದ ಸಂಗತಿ. ಅರಬ್ಬಿಯಿಂದ ಬಂದ ‘ಶರಾಫ’ ಎಂಬ ಮಾತೂ ಅದೇ ಕಸುಬಿನವನಿಗೆ ಸಲ್ಲುತ್ತದೆ. ‘ನಾಣ್ಯ’ವೆಂಬ ಶಬ್ದಕ್ಕೆ ಕನ್ನಡದಲ್ಲಿ ಎರಡು ಅರ್ಥಗಳಿರುವುದನ್ನೂ ಇಲ್ಲಿ ಗಮನಿಸಬೇಕು. ಟಂಕಿಸಿದ ಲೋಹವೂ ನಾಣ್ಯ. ‘ನಾಣ್ಯವಾದ ಬಟ್ಟೆ’, ‘ನಾಣ್ಯವಾದ ಸರಕು’ ಎಂಬಲ್ಲಿ ನಂಬಿಕೆಗೆ ಅರ್ಹವಾದ ಗುಣವೂ ನಾಣ್ಯ. ಹಣವೆಂಬುದು ಕಡೆಗೆ ನಂಬಿಕೆಯೇ ಎಂಬ ಅರ್ಥಶಾಸ್ತ್ರದ ತತ್ತ್ವವನ್ನು ನಮ್ಮ ಭಾಷೆಯು ಒಂದೇ ಶಬ್ದದಲ್ಲಿ ಅಡಗಿಸಿಕೊಂಡಿದೆ.

ಒರೆಗಲ್ಲು ಮತ್ತು ವಟ್ಟ

ಪರಸ್ಥಳದ ನಾಣ್ಯವು ಮುಂದೆ ಬಂದಾಗ ಚಿನಿವಾರನು ಎರಡು ಪ್ರಶ್ನೆಗಳನ್ನು ಹಾಕಿಕೊಳ್ಳುತ್ತಿದ್ದನು. ಇದು ನಿಜವಾದುದೇ? ಇಲ್ಲಿ ಇದಕ್ಕೆ ಎಷ್ಟು ಸಲ್ಲುತ್ತದೆ? ಮೊದಲನೆಯದಕ್ಕೆ ಒರೆಗಲ್ಲೂ ತಕ್ಕಡಿಯೂ ಉತ್ತರ ಹೇಳುತ್ತಿದ್ದವು. ಎರಡನೆಯದಕ್ಕೆ ಪೇಟೆಯ ಧಾರಣೆಯು ಉತ್ತರ ಹೇಳುತ್ತಿತ್ತು. ಹೀಗೆ ಬೆಲೆಯನ್ನು ನಿರ್ಧರಿಸಿದ ಮೇಲೆ, ಸವೆತಕ್ಕೆಂದೂ ತನ್ನ ಶ್ರಮಕ್ಕೆಂದೂ ಅಷ್ಟಿಷ್ಟನ್ನು ಮುರಿದುಕೊಂಡು ಉಳಿದುದನ್ನು ಸ್ಥಳೀಯ ನಾಣ್ಯದಲ್ಲಿ ಎಣಿಸಿ ಕೊಡುತ್ತಿದ್ದನು. ಹೀಗೆ ಮುರಿದುಕೊಂಡ ಅಂಶಕ್ಕೆ ‘ವಟ್ಟ’ ಎಂದು ಹೆಸರು. ಈ ಲೇಖನದ ತಿರುಳು ಈ ಎರಡಕ್ಷರದ ಶಬ್ದದಲ್ಲಿದೆ.

ಶಾಸನಗಳಲ್ಲಿ ದಾನವನ್ನು ಹೇಳುವಾಗ ಕೆಲವೆಡೆ ಬರಿಯ ‘ಗದ್ಯಾಣ’ವೆನ್ನದೆ ‘ಲೊಕ್ಕಿಗದ್ಯಾಣ’ವೆಂದು ವಿಶೇಷಿಸಿರುವುದುಂಟು. ಲೊಕ್ಕಿಗುಂಡಿ, ಎಂದರೆ ಇಂದಿನ ಗದಗ ಜಿಲ್ಲೆಯ ಲಕ್ಕುಂಡಿ, ಹೆಸರಾಂತ ಕಮ್ಮಟದ ಊರು. ಯಾವ ಕಮ್ಮಟದ ಗದ್ಯಾಣವೆಂಬುದನ್ನು ಕಲ್ಲಿನ ಮೇಲೆ ಬರೆಯಿಸಿದ ದಾನಿಗಳು ನಾಣ್ಯ ನಾಣ್ಯಕ್ಕೂ ಇರುವ ಅಂತರವನ್ನು ಬಲ್ಲವರಾಗಿದ್ದರು. ಕೋಲಾರದ ಸೀಮೆಗಂತೂ ಈ ಅಂತರವು ನಿತ್ಯಾನುಭವವೇ ಆಗಿದ್ದಿರಬೇಕು. ನೊಳಂಬರ ತರುವಾಯ ಚೋಳರ ಆಳ್ವಿಕೆಗೆ ಸೇರಿ ‘ನಿಕರಿಲಿಚೋಳಮಂಡಲ’ವೆನಿಸಿಕೊಂಡ ಈ ಪ್ರದೇಶವು, ಕಾಸಿನ ಲೆಕ್ಕದ ತಮಿಳು ನಾಡಿಗೂ ಗದ್ಯಾಣದ ಲೆಕ್ಕದ ಕನ್ನಡ ನಾಡಿಗೂ ನಡುವಿನ ನೆಲ.

ವಿಜಯನಗರಕ್ಕೆ 1443ರಲ್ಲಿ ಬಂದ ಪಾರಸೀಕ ರಾಯಭಾರಿ ಅಬ್ದುಲ್ ರಜಾಕನು ಅಲ್ಲಿಯ ಅರಮನೆ, ಪೇಟೆ, ಉತ್ಸವಗಳನ್ನು ವರ್ಣಿಸಿದಂತೆ ನಾಣ್ಯಗಳನ್ನೂ ಕ್ರಮವಾಗಿ ವಿವರಿಸಿದ್ದಾನೆ. ವರಹ, ಅದರ ಅರ್ಧ ಪ್ರತಾಪ, ಪ್ರತಾಪದ ಹತ್ತನೆಯ ಒಂದು ಭಾಗ ಪಣ ಎಂಬ ಲೆಕ್ಕವು ಅವನ ಬರವಣಿಗೆಯಲ್ಲಿದೆ. ಪರದೇಶಕ್ಕೆ ಬಂದವನು ಮೊದಲು ಕಲಿಯಬೇಕಾದುದು ಆ ದೇಶದ ನಾಣ್ಯದ ಮೆಟ್ಟಿಲುಗಳನ್ನು ಎಂಬುದು ಆ ಪ್ರಯಾಣಿಕನಿಗೆ ತಿಳಿದಿತ್ತು.

ಒಳ್ಳೆಯ ನಾಣ್ಯದ ಮೇಲಿನ ಜನರ ನಂಬಿಕೆ ಎಷ್ಟು ಗಟ್ಟಿಯಾದುದೆಂಬುದಕ್ಕೆ ಇಕ್ಕೇರಿ ವರಹವು ನಿದರ್ಶನ. ಕೆಳದಿಯ ವೀರಶೈವ ಅರಸರು ಟಂಕಿಸಿದ ಈ ವರಹದ ಮೇಲೆ ಶಿವಪಾರ್ವತಿಯರ ಮೂರ್ತಿಯಿತ್ತು. 1763ರಲ್ಲಿ ಬಿದನೂರನ್ನು ಗೆದ್ದ ಹೈದರಾಲಿಯು ಆ ಮೂರ್ತಿಯನ್ನು ತೆಗೆಯಲಿಲ್ಲ. ನಾಣ್ಯದ ಮತ್ತೊಂದು ಮುಖದಲ್ಲಿ ತನ್ನ ಹೆಸರಿನ ಮೊದಲಕ್ಷರವನ್ನು ಅರಬ್ಬೀ ಲಿಪಿಯಲ್ಲಿ ಅಚ್ಚೊತ್ತಿಸಿ ತೃಪ್ತನಾದನು. ರಾಜ್ಯವನ್ನು ಕತ್ತಿಯಿಂದ ಗೆಲ್ಲಬಹುದು; ಪೇಟೆಯ ನಂಬಿಕೆಯನ್ನು ಹಾಗೆ ಗೆಲ್ಲಲಾಗದು.

ಎರಡು ವರಹಗಳ ನಡುವೆ

ಶ್ರೀರಂಗಪಟ್ಟಣವು ಬಿದ್ದ ಮರುವರ್ಷ, 1800ರಲ್ಲಿ, ಫ್ರಾನ್ಸಿಸ್ ಬುಕಾನನ್ ಮದರಾಸಿನಿಂದ ಹೊರಟು ಕೋಲಾರದ ಸೀಮೆಯ ಬೇತಮಂಗಲದ ಮಾರ್ಗವಾಗಿ ಮೈಸೂರು ದೇಶವನ್ನು ಪ್ರವೇಶಿಸಿದನು. ಬೆಳೆ, ಕಸುಬು, ಜನಜೀವನಗಳೊಂದಿಗೆ ಅಲ್ಲಲ್ಲಿನ ನಾಣ್ಯ, ತೂಕ, ಅಳತೆಗಳನ್ನೂ ಅವನು ಬರೆದಿಟ್ಟನು. ಅವನು ಬಿಟ್ಟುಬಂದ ಮದರಾಸಿನಲ್ಲಿ ನಕ್ಷತ್ರದ ಗುರುತಿನ ವರಹ ನಡೆಯುತ್ತಿತ್ತು: 80 ಕಾಸಿಗೆ ಒಂದು ಪಣ, 42 ಪಣಕ್ಕೆ ಒಂದು ವರಹ. ಅವನು ಹೊಕ್ಕ ಮೈಸೂರಿನಲ್ಲಿ ಕಂಠೀರವ ನರಸರಾಜ ಒಡೆಯರ ಹೆಸರಿನ ಕಂಠೀರಾಯಿ ಪಣದ ಲೆಕ್ಕವಿತ್ತು: 10 ಪಣಕ್ಕೆ ಒಂದು ಕಂಠೀರಾಯಿ ವರಹ. ಹೆಸರು ಎರಡು ಕಡೆಯೂ ವರಹವೇ, ಪಣವೇ. ಬೆಲೆ ಬೇರೆ ಬೇರೆ. ಒಂದೇ ಹೆಸರಿನ ಎರಡು ನಾಣ್ಯಗಳನ್ನು ಒಂದೇ ಎಂದು ಭ್ರಮಿಸಿದ ದಾರಿಹೋಕನು ಮೋಸಹೋಗದೆ ಇರುವುದು ಕಷ್ಟ. ಇಂದಿಗೂ ಅಮೆರಿಕ, ಕೆನಡ, ಆಸ್ಟ್ರೇಲಿಯ, ಸಿಂಗಪುರಗಳಲ್ಲಿ ಡಾಲರ್ ಎಂಬ ಹೆಸರು ಒಂದೇ, ಬೆಲೆ ನಾಲ್ಕು ಎಂಬುದನ್ನು ನೆನೆದರೆ ಈ ಮಾತಿನ ಪ್ರಸ್ತುತತೆ ಹೊಳೆಯುತ್ತದೆ.

ವಟ್ಟದ ಹೊರೆಯು ಸಾಮಾನ್ಯನಿಗೆ ಮಾತ್ರವೇ ಇದ್ದುದಲ್ಲ, ರಾಜ್ಯಕ್ಕೂ ಇತ್ತು. 1799ರ ಒಪ್ಪಂದದಂತೆ ಮೈಸೂರು ಸಂಸ್ಥಾನವು ಕಂಪನಿಗೆ ವರ್ಷಕ್ಕೆ 7 ಲಕ್ಷ ನಕ್ಷತ್ರ ವರಹಗಳನ್ನು ಸಲ್ಲಿಸಬೇಕಾಗಿತ್ತು. ಸಂಸ್ಥಾನದ ಲೆಕ್ಕಪತ್ರಗಳು ಕಂಠೀರಾಯಿಯಲ್ಲಿ. ಸಲ್ಲಿಸಬೇಕಾದ ಪೊಗದಿಯ ಲೆಕ್ಕ ಮದರಾಸಿನ ವರಹದಲ್ಲಿ. ವರಹಕ್ಕೆ ಮೂರೂವರೆ ರೂಪಾಯಿಯ ಪ್ರಕಾರ ಲೆಕ್ಕ ಹಾಕಿದಾಗ ಈ ಮೊತ್ತವೇ ಪ್ರಸಿದ್ಧವಾದ 24 ಲಕ್ಷ 50 ಸಾವಿರ ರೂಪಾಯಿಯ ಪೊಗದಿಯಾಯಿತು. ಒಂದು ನಾಣ್ಯದಲ್ಲಿ ಗಳಿಸಿ ಮತ್ತೊಂದರಲ್ಲಿ ತೆರಬೇಕಾದವನ ಪಾಡು ಅರಸನಾದರೂ ಒಂದೇ, ಆಳಾದರೂ ಒಂದೇ.

1835ರಲ್ಲಿ ಕಂಪನಿಯು ತನ್ನ ಪ್ರಾಂತಗಳಿಗೆಲ್ಲ 180 ಗ್ರೇನ್ ತೂಕದ ಒಂದೇ ಬೆಳ್ಳಿ ರೂಪಾಯಿಯನ್ನು ತಂದಿತು. 1843ರಲ್ಲಿ ಮೈಸೂರಿನ ಟಂಕಸಾಲೆಯ ಕೆಲಸವೂ ನಿಂತಿತು. ಅಲ್ಲಿಂದ ಮುಂದೆ ಮೂಡಲ ಬಾಗಿಲಿನಲ್ಲಿ ಹಣ ಬದಲಾಯಿಸುವ ಅಗತ್ಯ ಕ್ರಮೇಣ ಇಲ್ಲವಾಯಿತು. ನಾಣ್ಯದ ಎಲ್ಲೆಯು ಮುಳಬಾಗಿಲಿನಿಂದ ಎದ್ದು ಕಡಲ ತೀರಕ್ಕೆ ಹೋಯಿತು.

ರೂಪಾಯಿಯ ದೇಶಾಂತರ

ಎಲ್ಲೆಯು ಕಡಲ ತೀರದಲ್ಲಿಯೂ ನಿಲ್ಲಲಿಲ್ಲವೆಂಬುದು ಇಂದಿನ ಅನೇಕರಿಗೆ ಆಶ್ಚರ್ಯವನ್ನುಂಟುಮಾಡಬಹುದು. ಕುವೈತ್, ಬಹರೈನ್, ಕತಾರ್, ಇಂದಿನ ಸಂಯುಕ್ತ ಅರಬ್ ಸಂಸ್ಥಾನಗಳು ಮತ್ತು ಒಮಾನ್‌ಗಳಲ್ಲಿ ಭಾರತದ ರೂಪಾಯಿಯೇ ನಡೆಯುತ್ತಿದ್ದ ಕಾಲವೊಂದಿತ್ತು. ಆಗ ನಮ್ಮ ಕರಾವಳಿಯಿಂದ ಕೊಲ್ಲಿಗೆ ಹಡಗು ಹತ್ತಿದವನು ಊರಿನ ಹಣವನ್ನೇ ಅಲ್ಲಿಯೂ ಬಳಸಬಹುದಾಗಿತ್ತು. ಆದರೆ ಇದೇ ಸೌಕರ್ಯವು ಚಿನ್ನದ ಕಳ್ಳಸಾಗಣೆಗೆ ದಾರಿಮಾಡಿತು. ಕಳ್ಳ ಚಿನ್ನಕ್ಕೆ ತೆತ್ತ ರೂಪಾಯಿಗಳು ಕೊಲ್ಲಿಯ ಬ್ಯಾಂಕುಗಳ ಮೂಲಕ ಹಿಂದಿರುಗಿ ಬಂದು ಪೌಂಡುಗಳನ್ನು ಕೇಳತೊಡಗಿದವು. ದೇಶದ ವಿದೇಶೀ ವಿನಿಮಯ ಸಂಗ್ರಹ ಕರಗಿತು. ಆದುದರಿಂದ 1959ರಲ್ಲಿ ರಿಸರ್ವ್ ಬ್ಯಾಂಕು ಕೊಲ್ಲಿಯಲ್ಲಿ ಮಾತ್ರ ಸಲ್ಲುವ ಬೇರೆ ಬಣ್ಣದ ನೋಟುಗಳನ್ನೂ, ಹಜ್ ಯಾತ್ರಿಕರಿಗಾಗಿ ಪ್ರತ್ಯೇಕ ನೋಟುಗಳನ್ನೂ ಹೊರಡಿಸಿತು. 1961ರಲ್ಲಿ ಕುವೈತ್ ತನ್ನದೇ ದಿನಾರನ್ನು ತಂದಿತು. 1966ರ ಜೂನ್ 6ರಂದು ರೂಪಾಯಿಯ ಅಪಮೌಲ್ಯವಾಗಿ ಡಾಲರಿನ ಬೆಲೆ 4 ರೂಪಾಯಿ 76 ಪೈಸೆಯಿಂದ 7 ರೂಪಾಯಿ 50 ಪೈಸೆಗೆ ಏರಿದಾಗ ಉಳಿದ ಸಂಸ್ಥಾನಗಳಲ್ಲಿ ಬಹುಪಾಲು ರೂಪಾಯಿಯನ್ನು ಕೈಬಿಟ್ಟವು. ನಂಬಿಕೆಯು ಕುಗ್ಗಿದೊಡನೆ ನಾಣ್ಯದ ಎಲ್ಲೆಯೂ ಕುಗ್ಗಿತು.

ಅಲ್ಲಿಂದ ಮುಂದಿನದು ಬಿಗಿಯ ಕಾಲ. 1939ರಲ್ಲಿ ಯುದ್ಧದ ನಿಮಿತ್ತವಾಗಿ ಆರಂಭವಾದ ವಿನಿಮಯ ನಿಯಂತ್ರಣವು 1947ರ ಕಾಯಿದೆಯಿಂದ ಗಟ್ಟಿಯಾಗಿ, 1973ರ ಕಾಯಿದೆಯಿಂದ ಇನ್ನೂ ಕಠಿಣವಾಯಿತು. 1970ರ ದಶಕದ ಮೊದಲ ವರ್ಷಗಳಲ್ಲಿ ಓದಿಗಾಗಿಯೋ ಉದ್ಯೋಗಕ್ಕಾಗಿಯೋ ಹೊರಟ ಅನೇಕ ತರುಣರು ಕೈಯಲ್ಲಿ ಎಂಟು ಡಾಲರುಗಳನ್ನಷ್ಟೇ ಹಿಡಿದು ಪರದೇಶದಲ್ಲಿ ಇಳಿದರು. ಮೊದಲ ರಾತ್ರಿಯ ಊಟ ವಸತಿಗಳಿಗೆ ಪರಿಚಿತರ ಮನೆಯನ್ನೇ ಆಶ್ರಯಿಸಬೇಕಾಗಿತ್ತು. ಆವನಿಯ ನೆರೆಯ ಕೋಲಾರ ಚಿನ್ನದ ಗಣಿಯಲ್ಲಿ 1880ರಿಂದ ಜಾನ್ ಟೇಲರ್ ಕಂಪನಿಯು ತೆಗೆಸಿದ ಚಿನ್ನವು ಹಡಗು ಹಡಗಾಗಿ ಲಂಡನ್ನಿಗೆ ಹೋಯಿತು. ಅದೇ ನೆಲದ ವಿದ್ಯಾರ್ಥಿ ಲಂಡನ್ನಿಗೆ ಹೋಗಬೇಕಾದರೆ ಬೆರಳೆಣಿಕೆಯ ಪೌಂಡುಗಳಿಗೂ ಅಪ್ಪಣೆ ಬೇಕಾಯಿತು. 1991ರಲ್ಲಿ ವಿದೇಶೀ ವಿನಿಮಯ ಸಂಗ್ರಹವು ಕೆಲವೇ ವಾರಗಳ ಆಮದಿಗೆ ಸಾಲುವಷ್ಟಕ್ಕೆ ಇಳಿದು, ದೇಶವು ಸುಮಾರು 47 ಟನ್ ಚಿನ್ನವನ್ನು ಒತ್ತೆಯಿಡಲು ವಿಮಾನದಲ್ಲಿ ಕಳುಹಿಸಿತು. ಹಳೆಯ ಚಿನಿವಾರನ ಒರೆಗಲ್ಲು ಮತ್ತೊಮ್ಮೆ ನೆನಪಾದ ಕಾಲವದು: ಕಾಗದದ ಮಾತು ನಿಂತಲ್ಲಿ ಚಿನ್ನವೇ ಮಾತನಾಡಬೇಕಾಯಿತು.

ಬಳಿಕ ಬಾಗಿಲು ತೆರೆಯಿತು. 1993ರಲ್ಲಿ ರೂಪಾಯಿಯ ಬೆಲೆಯನ್ನು ಪೇಟೆಗೆ ಬಿಡಲಾಯಿತು. 1999ರ ವಿದೇಶೀ ವಿನಿಮಯ ನಿರ್ವಹಣಾ ಕಾಯಿದೆಯು 2000ದ ಜೂನ್ 1ರಿಂದ ಜಾರಿಗೆ ಬಂದಿತು. 2004ರಲ್ಲಿ ಆರಂಭವಾದ ಉದಾರ ರವಾನೆ ಯೋಜನೆಯು ಮೊದಲು 25 ಸಾವಿರ ಡಾಲರುಗಳ ಮಿತಿಯನ್ನಿಟ್ಟಿತ್ತು. 2015ರಿಂದ ಒಬ್ಬ ನಿವಾಸಿಯು ಒಂದು ಹಣಕಾಸು ವರ್ಷದಲ್ಲಿ ಎರಡೂವರೆ ಲಕ್ಷ ಡಾಲರುಗಳವರೆಗೆ ಪಡೆಯಬಹುದಾಗಿದೆ. ಎಂಟು ಡಾಲರುಗಳಿಂದ ಎರಡೂವರೆ ಲಕ್ಷಕ್ಕೆ! ಆದರೆ ಅಪ್ಪಣೆ ಸುಲಭವಾದಂತೆ ಅರಿವು ಬೆಳೆಯಿತೇ ಎಂಬುದು ಬೇರೆಯೇ ಪ್ರಶ್ನೆ.

ಮರೆಯಲ್ಲಿರುವ ವಟ್ಟ

ಹಿಂದಿನ ಚಿನಿವಾರನು ವಟ್ಟವನ್ನು ಎದುರಿಗೇ ಮುರಿದುಕೊಳ್ಳುತ್ತಿದ್ದನು. ಕೊಡುವವನು ಕಣ್ಣಾರೆ ಕಾಣುತ್ತಿದ್ದನು, ಬೇಕಾದರೆ ಚೌಕಾಶಿ ಮಾಡುತ್ತಿದ್ದನು. ಇಂದು ವಟ್ಟವು ಹೋಗಿಲ್ಲ, ಮರೆಯಾಗಿದೆ. ‘ಇಲ್ಲಿ ಯಾವ ಶುಲ್ಕವೂ ಇಲ್ಲ’ ಎಂಬ ಫಲಕವನ್ನು ಕಂಡು ಹಿಗ್ಗುವ ಪ್ರಯಾಣಿಕನು ಅದರ ಪಕ್ಕದಲ್ಲಿರುವ ಎರಡು ಅಂಕಣಗಳನ್ನು ಓದಬೇಕು. ಒಂದು ಕೊಳ್ಳುವ ದರ, ಮತ್ತೊಂದು ಮಾರುವ ದರ. ಇವೆರಡರ ನಡುವಿನ ಅಂತರದಲ್ಲಿಯೇ ವಟ್ಟವು ಕುಳಿತಿರುತ್ತದೆ.

ಲೆಕ್ಕದ ಅನುಕೂಲಕ್ಕಾಗಿ, ಒಂದು ಅಂಗಡಿಯು ಡಾಲರನ್ನು 84 ರೂಪಾಯಿಗೆ ಮಾರಿ 80 ರೂಪಾಯಿಗೆ ಕೊಳ್ಳುತ್ತದೆಂದು ಇಟ್ಟುಕೊಳ್ಳೋಣ. ಒಬ್ಬನು 500 ಡಾಲರುಗಳಿಗೆ 42,000 ರೂಪಾಯಿ ತೆತ್ತನು. ಕಾರಣಾಂತರದಿಂದ ಪ್ರಯಾಣವೇ ನಿಂತು ಅವನು ಅವುಗಳನ್ನು ಹಾಗೆಯೇ ಮರಳಿಸಿದರೆ ಸಿಗುವುದು 40,000 ರೂಪಾಯಿ. ಯಾವ ಶುಲ್ಕವೂ ಇಲ್ಲದ ಅಂಗಡಿಯಲ್ಲಿ 2,000 ರೂಪಾಯಿ ಹೋಯಿತು. ಇದನ್ನು ಮೋಸವೆನ್ನಲಾಗದು; ಅಂಗಡಿಗೆ ಬಾಡಿಗೆಯುಂಟು, ನೌಕರರುಂಟು, ದರವು ಇಳಿದರೆ ನಷ್ಟದ ಭಯವುಂಟು. ಆದರೆ ಒಂದು ಅಂಗಡಿಯಲ್ಲಿ ನಾಲ್ಕು ರೂಪಾಯಿ ಇರುವ ಅಂತರವು ಮತ್ತೊಂದರಲ್ಲಿ ಎರಡೇ ಇರಬಹುದು. ವಿಮಾನ ನಿಲ್ದಾಣದಲ್ಲಿ ಏಳೋ ಎಂಟೋ ಆಗಬಹುದು. ಬೇರೆ ದಾರಿಯಿಲ್ಲದವನು ನಿಲ್ಲುವ ಸ್ಥಳದಲ್ಲಿ ವಟ್ಟವು ಹೆಚ್ಚುವುದು ಸಹಜ.

ಎರಡನೆಯ ಲೆಕ್ಕ, ಎರಡು ಬಾಗಿಲುಗಳದು. ರೂಪಾಯಿಯನ್ನು ಡಾಲರಾಗಿಯೂ, ಡಾಲರನ್ನು ಇನ್ನೊಂದು ದೇಶದ ಹಣವಾಗಿಯೂ ಬದಲಾಯಿಸುವವನು ವಟ್ಟವನ್ನು ಎರಡು ಸಲ ತೆರುತ್ತಾನೆ. ಪ್ರತಿ ಬಾಗಿಲಿನಲ್ಲಿ ನೂರಕ್ಕೆ ಮೂರು ಹೋದರೆ, 100 ರೂಪಾಯಿ ಮೊದಲು 97 ಆಗಿ, ಆಮೇಲೆ 94 ರೂಪಾಯಿ 9 ಪೈಸೆಗೆ ಇಳಿಯುತ್ತದೆ. ಸೇರುವ ದೇಶದ ಹಣವು ಇಲ್ಲಿಯೇ ನ್ಯಾಯವಾದ ದರಕ್ಕೆ ಸಿಗುವುದಾದರೆ ನೇರವಾಗಿ ಪಡೆಯುವುದು ಮೇಲು. ಸಿಗದಿದ್ದರೆ, ಅಥವಾ ಸಿಕ್ಕರೂ ಅಂತರವು ತೀರ ಹೆಚ್ಚಾಗಿದ್ದರೆ, ಡಾಲರನ್ನೊಯ್ದು ಅಲ್ಲಿ ಬದಲಾಯಿಸುವುದೇ ಲೇಸಾಗಬಹುದು. ಎರಡನ್ನೂ ಕಾಗದದ ಮೇಲೆ ಹಾಕಿ ನೋಡದೆ ನಿರ್ಧರಿಸಬಾರದು.

ಮೂರನೆಯದು ಎ.ಟಿ.ಎಂ. ಯಂತ್ರದ ಲೆಕ್ಕ. ಪರದೇಶದಲ್ಲಿ ನಮ್ಮ ಕಾರ್ಡಿನಿಂದ ನಗದನ್ನು ಪಡೆದಾಗ ಅನೇಕ ಬ್ಯಾಂಕುಗಳು ಪ್ರತಿ ಸಲಕ್ಕೂ ನಿಗದಿಯಾದ ಶುಲ್ಕವನ್ನು ಹಾಕುತ್ತವೆ. ಅದು 300 ರೂಪಾಯಿಯೆಂದು ಭಾವಿಸಿದರೆ, 3,000 ರೂಪಾಯಿಯ ಬೆಲೆಯ ಹಣವನ್ನು ನಾಲ್ಕು ಸಲ ತೆಗೆದವನು 1,200 ರೂಪಾಯಿ ತೆತ್ತನು, ನೂರಕ್ಕೆ ಹತ್ತು. ಅದೇ 12,000 ರೂಪಾಯಿಯ ಹಣವನ್ನು ಒಂದೇ ಸಲ ತೆಗೆದವನು ತೆತ್ತುದು 300, ನೂರಕ್ಕೆ ಎರಡೂವರೆ. ಇಷ್ಟಲ್ಲದೆ ಆ ಯಂತ್ರವೂ, ಕೆಲವು ಅಂಗಡಿಗಳ ಕಾರ್ಡು ಯಂತ್ರಗಳೂ, ‘ನಿಮ್ಮ ದೇಶದ ಹಣದಲ್ಲಿ ಲೆಕ್ಕ ಹಾಕೋಣವೇ?’ ಎಂದು ಕೇಳುವುದುಂಟು. ರೂಪಾಯಿಯ ಅಂಕಿಯನ್ನು ಕಂಡು ಸಮಾಧಾನಗೊಂಡು ಒಪ್ಪಿದವನಿಗೆ ಆ ಯಂತ್ರದ ಒಡೆಯನು ನಿಗದಿ ಮಾಡಿದ ದುಬಾರಿ ದರವು ಬೀಳುತ್ತದೆ. ಆ ದೇಶದ ಹಣದಲ್ಲಿಯೇ ಲೆಕ್ಕವಾಗಲೆಂದು ಒತ್ತುವುದು ಸಾಮಾನ್ಯವಾಗಿ ಲಾಭಕರ. ಪರಿಚಿತವಾದ ಹೆಸರಿನ ಹಿಂದೆ ಅಪರಿಚಿತವಾದ ಬೆಲೆಯಿರಬಹುದೆಂಬ ಎರಡು ವರಹಗಳ ಪಾಠವೇ ಇಲ್ಲಿಯೂ ಅನ್ವಯಿಸುತ್ತದೆ.

ಪ್ರಯಾಣಿಕರು ಅರಿತಿರಬೇಕಾದ ನಿಯಮಗಳು

ಹಣವನ್ನೆಲ್ಲ ನಗದಾಗಿ ಹೊರುವುದು ಹಿಂದೆಯೂ ಅಪಾಯಕರವೇ. ಆ ಕಾರಣದಿಂದಲೇ ಹುಂಡಿಯ ಪದ್ಧತಿ ಬೆಳೆಯಿತು. ಒಂದೂರಿನ ಸಾಹುಕಾರನಿಗೆ ಹಣ ಕಟ್ಟಿ ಪತ್ರ ಪಡೆದು, ದೂರದ ಊರಿನ ಅವನ ಮಿತ್ರ ಸಾಹುಕಾರನಿಗೆ ಆ ಪತ್ರ ತೋರಿಸಿ ಅಲ್ಲಿಯ ಹಣವನ್ನು ಪಡೆಯುವ ಕ್ರಮವದು. ತೋರಿಸಿದೊಡನೆ ಸಲ್ಲುವುದು ದರ್ಶನಿ ಹುಂಡಿ. ಗಡುವಿನ ಮೇಲೆ ಸಲ್ಲುವುದು ಮುದ್ದತಿ ಹುಂಡಿ. 1891ರಲ್ಲಿ ಅಮೆರಿಕನ್ ಎಕ್ಸ್‌ಪ್ರೆಸ್ ಕಂಪನಿಯು ಆರಂಭಿಸಿದ ಪ್ರವಾಸಿ ಚೆಕ್ಕಿನಲ್ಲಿಯೂ, ಇಂದಿನ ಮುಂಗಡ ತುಂಬಿಸಿದ ಪ್ರವಾಸ ಕಾರ್ಡಿನಲ್ಲಿಯೂ ಇರುವುದು ಹುಂಡಿಯ ತತ್ತ್ವವೇ. ಸ್ವಲ್ಪ ನಗದು, ಹೆಚ್ಚಿನಂಶ ಕಾರ್ಡಿನಲ್ಲಿ, ಅದೂ ಎರಡು ಬೇರೆ ಬೇರೆ ಕಾರ್ಡುಗಳಲ್ಲಿ, ಬೇರೆ ಬೇರೆ ಚೀಲಗಳಲ್ಲಿ ಎಂಬುದು ವಿವೇಕದ ಮಾರ್ಗ.

ಈಗಿನ ನಿಯಮಗಳಂತೆ ಬಹುತೇಕ ದೇಶಗಳಿಗೆ ಹೋಗುವವರು ಒಂದು ಪ್ರಯಾಣಕ್ಕೆ 3,000 ಡಾಲರುಗಳವರೆಗೆ ವಿದೇಶೀ ನೋಟು ನಾಣ್ಯಗಳನ್ನು ಪಡೆಯಬಹುದು. ಉಳಿದುದನ್ನು ಕಾರ್ಡು ಮೊದಲಾದ ರೂಪದಲ್ಲಿ ಪಡೆಯಬೇಕು. ವಿನಿಮಯಕ್ಕಾಗಿ ನಗದು ರೂಪಾಯಿಯಲ್ಲಿ ತೆರಬಹುದಾದುದು 50,000ಕ್ಕಿಂತ ಕಡಮೆ. ಅದಕ್ಕೆ ಮೇಲ್ಪಟ್ಟುದನ್ನು ಬ್ಯಾಂಕಿನ ಮೂಲಕವೇ ಸಲ್ಲಿಸಬೇಕು. ಊರಿಗೆ ಮರಳಿದಾಗ ಆಟೋ, ಬಸ್ಸುಗಳ ಖರ್ಚಿಗೆ ಬೇಕಾಗುವ ಭಾರತದ ನೋಟುಗಳನ್ನು 25,000 ರೂಪಾಯಿಯವರೆಗೆ ಒಯ್ಯಬಹುದು. ಹೊರಗಿನಿಂದ ಬರುವವರ ಬಳಿ ನೋಟುಗಳೇ 5,000 ಡಾಲರುಗಳ ಬೆಲೆಯನ್ನು ಮೀರಿದರೆ, ಅಥವಾ ಎಲ್ಲ ರೂಪಗಳೂ ಸೇರಿ 10,000 ಡಾಲರುಗಳನ್ನು ಮೀರಿದರೆ, ಸುಂಕದ ಅಧಿಕಾರಿಗಳಿಗೆ ಘೋಷಿಸಬೇಕು. ಮಿಕ್ಕ ಹಣವನ್ನು 180 ದಿನಗಳೊಳಗೆ ಮರಳಿಸಬೇಕು. 2,000 ಡಾಲರುಗಳವರೆಗೆ ಇಟ್ಟುಕೊಳ್ಳಲು ಅವಕಾಶವುಂಟು. ಇಂತಹ ಮಿತಿಗಳು ಬದಲಾಗುತ್ತಿರುತ್ತವಾದ್ದರಿಂದ ಹೊರಡುವ ಮುನ್ನ ಬ್ಯಾಂಕಿನಲ್ಲಿ ಕೇಳಿ ದೃಢಪಡಿಸಿಕೊಳ್ಳುವುದು ಕ್ಷೇಮ. ರಿಸರ್ವ್ ಬ್ಯಾಂಕಿನ ಪರವಾನಗಿಯುಳ್ಳವರಲ್ಲಿಯೇ ವ್ಯವಹರಿಸಿ ರಸೀತಿಯನ್ನು ಜೋಪಾನವಾಗಿಡಬೇಕು. ಬೀದಿಯಲ್ಲಿ ‘ಹೆಚ್ಚು ದರ ಕೊಡುತ್ತೇವೆ’ ಎಂದು ಕರೆಯುವವರ ಬಳಿ ಹೋದವನಿಗೆ ಖೋಟಾ ನೋಟು ಬಂದರೆ ದೂರುವುದಕ್ಕೂ ಬಾಯಿಲ್ಲ.

ಪಶುಪತಿನಾಥ, ಮುಕ್ತಿನಾಥಗಳ ದರ್ಶನಕ್ಕೆ ನೇಪಾಳಕ್ಕೆ ಹೋಗುವ ಕನ್ನಡ ಯಾತ್ರಿಕರು ಇನ್ನೊಂದು ವಿಷಯವನ್ನು ಮನಗಾಣಬೇಕು. 1993ರಿಂದ ಭಾರತದ 1 ರೂಪಾಯಿಗೆ ನೇಪಾಳದ 1 ರೂಪಾಯಿ 60 ಪೈಸೆ ಎಂಬ ದರವು ನಿಶ್ಚಿತವಾಗಿದೆ. 1,000 ಕೊಟ್ಟರೆ 1,600 ಬರಬೇಕು. ಎರಡರ ಹೆಸರೂ ರೂಪಾಯಿಯೇ ಆದುದರಿಂದ ಬೆಲೆ ಕೇಳುವಾಗ ‘ಯಾವ ರೂಪಾಯಿ?’ ಎಂದು ಕೇಳದಿದ್ದವನು ಒಂದಕ್ಕೆ ಒಂದೂವರೆಗಿಂತ ಹೆಚ್ಚು ತೆತ್ತು ಬರುತ್ತಾನೆ. 2018ರ ಡಿಸೆಂಬರಿನಲ್ಲಿ ನೇಪಾಳವು ಭಾರತದ 200, 500 ಮತ್ತು 2,000 ರೂಪಾಯಿಯ ನೋಟುಗಳನ್ನು ನಿಷೇಧಿಸಿದಾಗ ದೊಡ್ಡ ನೋಟುಗಳನ್ನು ಹಿಡಿದು ಹೋದವರಿಗೆ ತೊಂದರೆಯಾಯಿತು. ಆ ಯಾತ್ರೆಗೆ ನೂರು ರೂಪಾಯಿಯ ನೋಟುಗಳೇ ನಿಶ್ಚಿಂತೆ.

ದಾನಿಗಳಿಗೂ ಇಲ್ಲಿ ಒಂದು ಮಾತು ಸಲ್ಲುತ್ತದೆ. ಪರದೇಶದಲ್ಲಿ ನೆಲೆಸಿದ ಹಳೆಯ ವಿದ್ಯಾರ್ಥಿಯು ಊರಿಗೆ ಬಂದಾಗ ಭಕ್ತಿಯಿಂದ ಡಾಲರು ನೋಟುಗಳನ್ನೇ ಕಾಣಿಕೆಯಾಗಿ ಅರ್ಪಿಸುವುದುಂಟು. ಭಾರತದ ಪೌರತ್ವವನ್ನು ಉಳಿಸಿಕೊಂಡವರು ತಮ್ಮ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳುಹಿಸಿದ ಹಣವು ವಿದೇಶೀ ದೇಣಿಗೆ ಎನಿಸುವುದಿಲ್ಲ. ಆದರೆ ಬೇರೆ ದೇಶದ ಪೌರತ್ವವನ್ನು ಪಡೆದವರ ಕಾಣಿಕೆಯು, ಅವರು ನಮ್ಮ ಊರಿನಲ್ಲಿಯೇ ಹುಟ್ಟಿದ್ದರೂ, 2010ರ ಕಾಯಿದೆಯಂತೆ ವಿದೇಶೀ ದೇಣಿಗೆಯಾಗುತ್ತದೆ. 2020ರ ತಿದ್ದುಪಡಿಯ ಬಳಿಕ ಅದು ನೋಂದಾಯಿತ ಸಂಸ್ಥೆಗೆ ದೆಹಲಿಯ ಸ್ಟೇಟ್ ಬ್ಯಾಂಕಿನ ಮುಖ್ಯ ಶಾಖೆಯಲ್ಲಿರುವ ಗೊತ್ತಾದ ಖಾತೆಯ ಮೂಲಕವೇ ಬರಬೇಕು. ಸದುದ್ದೇಶದ ಕಾಣಿಕೆಯು ಸಂಸ್ಥೆಗೆ ತೊಡಕಾಗದಿರಲೆಂದು ಈ ಎಚ್ಚರಿಕೆ.

ಉಪಸಂಹಾರ

ಹಿಂದಿನ ಅಂಕಗಣಿತದ ಪುಸ್ತಕಗಳಲ್ಲಿ ಬಡ್ಡಿಯ ಲೆಕ್ಕದ ಜೊತೆಗೆ ವಟ್ಟದ ಲೆಕ್ಕವೂ ಇರುತ್ತಿತ್ತು. ಹಳ್ಳಿಯ ಹುಡುಗನು ಅದನ್ನು ಬಾಯಲ್ಲಿಯೇ ಮಾಡುತ್ತಿದ್ದನು. ಅವನಿಗೆ ಪರದೇಶದ ಪ್ರಯಾಣ ದುರ್ಲಭವಾಗಿತ್ತು. ಇಂದು ಕೋಲಾರದ ಸೀಮೆಯ ಮನೆಗಳಿಂದ ಮಕ್ಕಳು ಹೊರದೇಶಗಳಿಗೆ ಹೋಗುತ್ತಿದ್ದಾರೆ. ಅವರ ಹಿಂದೆಯೇ, ಬಾಣಂತನಕ್ಕೆಂದೋ ಮೊಮ್ಮಗುವನ್ನು ನೋಡಲೆಂದೋ, ಇಂಗ್ಲಿಷು ಬಾರದ ತಾಯಿತಂದೆಗಳೂ ವಿಮಾನ ಹತ್ತುತ್ತಿದ್ದಾರೆ. ಪ್ರಯಾಣ ಸುಲಭವಾದ ಕಾಲಕ್ಕೆ ವಟ್ಟದ ಲೆಕ್ಕವು ಪಾಠಪುಸ್ತಕದ ಬದಿಗೆ ಸರಿದಿರುವುದು ವಿಪರ್ಯಾಸ. ರಾಗಿ ಮಾರಿ, ರೇಷ್ಮೆಗೂಡು ಮಾರಿ ಕೂಡಿಟ್ಟ ಹಣದಲ್ಲಿ ನೂರಕ್ಕೆ ಹತ್ತು, ಯಾರೂ ಕದಿಯದೆಯೇ, ಫಲಕವನ್ನು ಓದದ ಒಂದೇ ಕಾರಣದಿಂದ ಹೋಗಬಾರದು. ಎಂಟನೆಯ ತರಗತಿಯ ಮಗುವಿಗೆ ಒಂದು ವಾರ ಈ ಲೆಕ್ಕವನ್ನು ಕಲಿಸಿದರೆ ಅದು ತನ್ನ ಅಜ್ಜಿಯ ಕೈಯಲ್ಲಿರುವ ಹಣಕ್ಕೆ ಕಾವಲಾಗಬಲ್ಲದು. ಉಪಾಧ್ಯಾಯರು ಮನಸ್ಸು ಮಾಡಿದರೆ ಇದಕ್ಕೆ ಪ್ರತ್ಯೇಕವಾದ ಪುಸ್ತಕವೂ ಬೇಡ. ಆ ದಿನದ ಪತ್ರಿಕೆಯೇ ಸಾಕು.

ಕಮ್ಮಟವನ್ನು ರೂಪಕವಾಗಿಸಿಕೊಂಡ ಬಸವಣ್ಣನವರ ಪ್ರಸಿದ್ಧ ವಚನವನ್ನು ಬಲ್ಲವರಿಗೆ, ಸಲ್ಲುವುದು ಎಂದರೇನು ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಎಲ್ಲ ನಾಡಿನಲ್ಲಿಯೂ ವಟ್ಟವಿಲ್ಲದೆ ಸಲ್ಲುವುದು ನಡತೆಯೊಂದೇ. ಮಿಕ್ಕ ನಾಣ್ಯಗಳಿಗೆಲ್ಲ ಎಲ್ಲೆಯುಂಟು, ಎಲ್ಲೆಯಲ್ಲಿ ವಟ್ಟವುಂಟು. ಅದನ್ನು ಕಂಡು, ಎಣಿಸಿ, ನ್ಯಾಯವಾದಷ್ಟನ್ನು ತೆತ್ತು ಮುಂದೆ ಸಾಗುವವನೇ ಜಾಣನಾದ ಪ್ರಯಾಣಿಕ.